ತಾರಸಿಯ ಹಳದಿ ಪಟ್ಟಿ

ಈ ಹಳದಿ ಇಷ್ಟು ಗಿಡ್ಡ ಇರಲಿಲ್ಲವಲ್ಲ — ಅವಳು ಕನ್ನಡಕ ಒರೆಸಿ ಮತ್ತೆ ನೋಡುತ್ತಾಳೆ, ಕಣ್ಣಿನ ತಪ್ಪಲ್ಲ, ಪಾಯ ಕಂದು, ಗೋಡೆ ನೀಲಿ, ತಾರಸಿ ಗಟ್ಟಿಯಾಗುವುದು ಹಳದಿ, ಎಕ್ಸೆಲ್ ಹಾಳೆಯ ಒಂದೊಂದು ಸಾಲನ್ನೂ ಬೆಳಿಗ್ಗೆ ತಾನೇ ಪಟ್ಟಿಯಾಗಿ ಎಳೆದಿದ್ದಳು, ಆಗ ಹಳದಿ ಪಟ್ಟಿ, ಕಟ್ಟುತ್ತಿರುವ ಶಾಲೆಯ ಉದ್ಘಾಟನೆ ದಿನದ ಕೆಂಪು ಗೆರೆಯನ್ನು ದಾಟಿ ಹೋಗಿತ್ತು, ಈಗ ನೋಡಿದರೆ ಬೆಕ್ಕಿನಂತೆ ಮುದುರಿ ಗೆರೆಯ ಈಚೆ ಕೂತಿದೆ, ಯಾರ ಕೈಚಳಕವಪ್ಪಾ ಇದು, ಇನ್ಯಾರದು, ಪಕ್ಕದಲ್ಲೇ ಹಲ್ಲು ಕಿರಿಯುತ್ತ ನಿಂತಿರುವ ಮ್ಯಾನೇಜರ್ ಮಹಾಶಯರದು, ನಾನೇ ಹಾಳೆಯಲ್ಲಿ ದಿನ ಸ್ವಲ್ಪ ಕಡಿಮೆ ಮಾಡ್ದೆ ಮೇಡಂ, ಮಾಲೀಕರಿಗೆ ಚೆಂದ ಕಾಣ್ಬೇಕಲ್ವಾ, ಚಿತ್ರ ತಾನೇ — ಚಿತ್ರವಂತೆ! ಸೈಟಿನಲ್ಲಿ ಎಕ್ಸೆಲ್ ತೆರೆದು ನೋಡುವ ಪುಣ್ಯಾತ್ಮ ಯಾರಿದ್ದಾರೆ, ಈ ಚಿತ್ರವನ್ನೇ ಮುದ್ರಿಸಿ ಗೋಡೆಗೆ ಅಂಟಿಸುತ್ತಾರೆ, ಹಳದಿ ಮುಗಿದ ದಿನ ಸೆಂಟ್ರಿಂಗ್ ಬಿಚ್ರೋ ಎಂದು ಮೇಸ್ತ್ರಿ ಕೂಗುತ್ತಾನೆ, ಆಸರೆಯ ಕಂಬಗಳನ್ನೆಲ್ಲ ಕಿತ್ತ ಹಸಿ ತಾರಸಿಯ ಕೆಳಗೆ ಟೈಲ್ಸ್ ಕೂರಿಸಲು ಮೊಣಕಾಲೂರುವವನು ತನ್ನ ತಮ್ಮ, ಹೆಲ್ಮೆಟ್ ಹಾಕ್ಕೊಳ್ಳೋ ಅಂದರೆ, ಸೆಕೆ ಕಣಕ್ಕಾ, ಚಾರ್ಟ್ ಹಾಕಿರೋಳು ನೀನು, ಬೀಳಲ್ಲ ಬಿಡು ಎಂದು ನಗುವವನು, ಬಿದ್ದರೆ — ಛೀ, ಬಿಡ್ತು ಅನ್ನು, ಹೆದರಿಕೆಯಾಗುತ್ತಿದೆ, ಆಗಲಿ, ಬೆರಳಿಗೇನೂ ಹೆದರಿಕೆಯಿಲ್ಲ, ಹಾಳೆ ತೆರೆದು ಹಳೆಯ ಅಂಕಿಯನ್ನೇ ಒತ್ತುತ್ತಾಳೆ, ಯಾರೂ ತಿದ್ದದಂತೆ ಆ ಅಂಕಿಯ ಚೌಕಕ್ಕೆ ಪಾಸ್‌ವರ್ಡ್ ಜಡಿಯುತ್ತಾಳೆ.

ಅಯ್ಯೋ ಏನ್ ಮಾಡ್ತಿದೀರಾ, ಮಾಲೀಕರು ಮೆಟ್ಟಿಲು ಹತ್ತುತ್ತಾ ಇದಾರೆ, ಆಮಂತ್ರಣ ಪತ್ರಿಕೆ ಅಚ್ಚಾಗಿದೆ ಕಣ್ರೀ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದೋರು ನೀವು ಸಾರ್, ಕುಲಾವಿ ಚಿಕ್ಕದಾಯ್ತು ಅಂತ ಕೂಸಿನ ತಲೆ ಕೆತ್ತಕ್ಕಾಗುತ್ತಾ — ಅಯ್ಯೋ ಶಿವನೇ, ಬಾಯಿಂದ ಬಂದೇಬಿಟ್ಟಿತು, ಕೆಲಸ ಹೋದರೆ ಹೋಗಲಿ, ಬೇರೆ ಕೆಲಸ ಸಿಕ್ಕೀತು, ಬೇರೆ ತಮ್ಮ ಎಲ್ಲಿ ಸಿಗುತ್ತಾನೆ, ಬಾಗಿಲು ತೆರೆಯುತ್ತದೆ, ಕುರ್ಚಿಗಳ ಸದ್ದು, ಸೆಂಟಿನ ವಾಸನೆ, ದೊಡ್ಡ ಪರದೆ ಬೆಳಗುತ್ತದೆ, ಇದೇನಮ್ಮಾ, ಉದ್ಘಾಟನೆ ದಿನಾನೂ ಕಂಬ ಇರ್ತಾವಾ, ಇರ್ತಾವೆ ಸಾರ್, ತೆಗೆಯೋಕಾಗಲ್ವಾ, ಆಗಲ್ಲ ಸಾರ್, ಸ್ವಲ್ಪ ಅಡ್ಜಸ್ಟ್ ಮಾಡು ಅಂದ್ರೆ, ನಾನಂತೂ ಮಾಡಲ್ಲ ಸಾರ್, ಮ್ಯಾನೇಜರ್ ಕೆಮ್ಮುತ್ತಾರೆ, ಮಾಲೀಕರ ಪೆನ್ನು ಟಕ್ ಟಕ್ ಎಂದು ಮೇಜು ಕುಟ್ಟುತ್ತದೆ, ನಿಲ್ಲುತ್ತದೆ, ಮೌಸಿನಿಂದ ಅವಳು ಕೈ ತೆಗೆದಿದ್ದಾಳೆ, ಗೋಡೆಯಗಲದ ಪರದೆಯ ಮೇಲೆ ಹಳದಿ, ಕೆಂಪು ಗೆರೆಯನ್ನು ದಾಟಿದ ಹಳದಿ, ಅದರ ಕೆಳಗೆ, ಅವಳ ಕಣ್ಣಿಗೆ ಮಾತ್ರ, ಇನ್ನೂ ನಿಂತಿರುವ ಕಂಬಗಳು, ಕಂಬಗಳ ನಡುವೆ ಬರಿತಲೆಯಲ್ಲಿ ಕೂತ ತಮ್ಮ, ಹಳದಿ, ಆ ಬರಿತಲೆ, ಹಳದಿ —