ಸೀಸವಿಲ್ಲದ ಬಿಲ್ಲೆ

ಡಬ್ಲಿನ್‌ನ ಆ ಮನೆಯಲ್ಲಿ ಐದು ವರ್ಷದ ಅಲ್ಫಿಯಾಗೆ ಒಂದು ಕಟ್ಟುನಿಟ್ಟಿನ ನಿಯಮ: ಅಜ್ಜಿ ಖಾಲಿದಾ ಕೆಲಸದಿಂದ ಬಂದರೆ ಸ್ನಾನ ಆಗುವವರೆಗೆ ಮುಟ್ಟುವಂತಿಲ್ಲ. ಖಾಲಿದಾ ಹತ್ತಿರದ ಹೇವರ್ಡ್ ಊರಿನ ಸಣ್ಣ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಪಿಂಗಾಣಿ ಬಿಲ್ಲೆ ಮಾಡುತ್ತಿದ್ದವಳು. ಅದೇನು ಕಪ್ಪುಸಾಸರಿನ ಪಿಂಗಾಣಿಯಲ್ಲ. ಒತ್ತಿದರೆ ಕರೆಂಟು ಕೊಡುತ್ತದೆ, ಕರೆಂಟು ಕೊಟ್ಟರೆ ನಡುಗುತ್ತದೆ. ಗಡಸು ಜಾತಿಯದು ಒಡವೆ ತೊಳೆಯುವ ಯಂತ್ರಕ್ಕೆ, ಮೆದು ಜಾತಿಯದು ಆಸ್ಪತ್ರೆಯ ಸ್ಕ್ಯಾನಿಂಗಿಗೆ. ಎರಡರಲ್ಲೂ ಸೀಸ. ಸೀಸದ ಧೂಳು ಮಕ್ಕಳಿಗೆ ವಿಷ. ಕಾರ್ಖಾನೆಯಲ್ಲೇ ಬಟ್ಟೆ ಬದಲಿಸಿ ಬಂದರೂ ಅವಳಿಗೆ ಧೈರ್ಯವಿಲ್ಲ. ಮಗಳು ಅಮ್ರೀನಳ ಈ ಕೂಸನ್ನು ಬಾಗಿಲಲ್ಲೇ ಎತ್ತಿಕೊಳ್ಳುವ ಆಸೆ ಮನಸ್ಸಿನಲ್ಲೇ ಉಳಿದಿತ್ತು.

ಈ ವರ್ಷ ಸೀಸವಿಲ್ಲದ ಬಿಲ್ಲೆಯ ಪ್ರಯತ್ನ ಶುರುವಾಯಿತು. ಮೊದಲ ಟ್ರೇ ಪಾಸಾದರೆ ಖಾಲಿದಾಗೆ ಸೀಸದ ಸಹವಾಸವೇ ಇಲ್ಲದ ಹೊಸ ಕೋಣೆ. ಬಿಸಿ ಎಣ್ಣೆಯಲ್ಲಿಟ್ಟು, ಹೈ ವೋಲ್ಟೇಜು ಕೊಟ್ಟು, ಬಿಲ್ಲೆಗಳಿಗೆ ಜೀವ ತುಂಬಿ ತೆಗೆದಳು. ಹೊಸ ಇಂಜಿನಿಯರ್ ಸುಜಯ್ ಒಂದೊಂದನ್ನೇ ಬಿಲ್ಲೆಯ ಬಲ ಅಳೆಯುವ ಮೀಟರಿಗೆ ಹಿಡಿದು ಮುಖ ಸಣ್ಣದು ಮಾಡಿದ.

“ಇನ್ನೂರ ಎಂಬತ್ತೆರಡು ಬರ್ತಿದೆ ಆಂಟಿ. ಇನ್ನೂರ ಎಪ್ಪತ್ತು ದಾಟಬಾರದು, ದಾಟಿದ್ರೆ ಯಂತ್ರಕ್ಕೆ ಹೊಂದಲ್ಲ. ರಿಜೆಕ್ಟ್ ಅಂತ ರಿಪೋರ್ಟು ಹಾಕ್ತೀನಿ.”

ಖಾಲಿದಾಗೆ ಹೊಸ ಕೋಣೆ ಕೈತಪ್ಪುವಂತಿತ್ತು. ಆದರೆ ಇಪ್ಪತ್ತು ವರ್ಷ ಸುಮ್ಮನೆ ಸವೆಸಿದವಳೇ ಅವಳು? ಎಣ್ಣೆಯಿಂದ ಎದ್ದ ಬಿಲ್ಲೆಯ ಹಾರಾಟ ಒಂದು ದಿನ ಬಿಟ್ಟರೆ ತಾನಾಗಿ ಇಳಿಯುತ್ತದೆ. ಸೀಸದ್ದಂತೂ ಹಾಗೆ, ಇದೂ ಹಾಗೆಯೋ, ದೇವರೇ ಬಲ್ಲ.

“ಬೇಯೋ ತನಕ ಕಾದೋರಿಗೆ ಆರೋ ತನಕ ಕಾಯೋಕಾಗಲ್ವಾ ಸುಜಯ್? ನಾಳೆ ಇದೇ ಹೊತ್ತಿಗೆ ಅಳೆದು ನೋಡಪ್ಪ. ಆಗ್ಲೂ ಹೀಗೇ ಇದ್ರೆ ನಾನೇ ಕಸಕ್ಕೆ ಹಾಕ್ತೀನಿ.”

ಮರುದಿನ ಅವನು ಅಳೆಯುವಾಗ ಅವಳು ಅತ್ತ ನೋಡಲೇ ಇಲ್ಲ. ಗೋಡೆಯ ಕ್ಯಾಲೆಂಡರ್ ಓದುತ್ತ ನಿಂತಳು.

“ಇನ್ನೂರ ಅರವತ್ತಾರು... ಅರವತ್ತೈದು... ಆಂಟಿ, ಎಲ್ಲಾ ಪಾಸು! ಕಾಲೇಜಲ್ಲಿ ಓದಿದ್ದೆ, ಅವಸರದಲ್ಲಿ ಮರ್ತೇಬಿಟ್ಟೆ. ಸಾರಿ.”

“ಇನ್ನು ಮರೆಯಲ್ಲ ಬಿಡು,” ಎಂದು ನಕ್ಕ ಖಾಲಿದಾಳ ಕಣ್ಣು ತುಂಬಿತ್ತು.

ಸೋಮವಾರ ಹೊಸ ಕೋಣೆಯಲ್ಲಿ ಮೊದಲ ದಿನ ಮುಗಿಸಿ, ಅಂದು ಮಾತ್ರ ಫ್ರೀವೇ ಟ್ರಾಫಿಕ್ಕಿಗೆ ಬೈಯದೆ ಮನೆ ಸೇರಿದಳು. ಅಲ್ಫಿಯಾ ರೂಢಿಯಂತೆ ಗೋಡೆಗೆ ಬೆನ್ನು ಹಚ್ಚಿ ದೂರ ನಿಂತಿದ್ದಳು.

“ನಾನಿ, ಶವರ್ ಫಸ್ಟ್!”

ಖಾಲಿದಾ ಬಾಗಿಲಲ್ಲೇ ಮಂಡಿಯೂರಿ ಎರಡೂ ಕೈ ಚಾಚಿದಳು. “ಇವತ್ತಿಂದ ಬೇಡ ಕಂದಾ. ಬಾ.”

ಮಗು ಅನುಮಾನದಿಂದ ಅಮ್ಮನ ಮುಖ ನೋಡಿತು. ಅಮ್ರೀನ್ “ಹೋಗು” ಎಂದಳು. ಓಡಿ ಬಂದ ಮಗುವನ್ನು ಅಪ್ಪಿಕೊಂಡ ಖಾಲಿದಾ ಎಷ್ಟು ಹೊತ್ತಾದರೂ ಬಿಡಲೇ ಇಲ್ಲ.

“ಅಮ್ಮಿ, ಊಟ ಆರಿ ಹೋಗುತ್ತೆ,” ಎಂದಳು ಅಮ್ರೀನ್.

“ಆರಲಿ ಬಿಡು,” ಎಂದಳು ಖಾಲಿದಾ.