ಕೆಂಪು ಗೆರೆಯ ಮೇಲೆ

"ಹಾಲು ಕುಡಿಸ್ಕೊಂಡು ಬಂದ್ಯಾ ಅಕ್ಕಾ?" ಎಂದು ಕಿರಿಸೊಸೆ ಕೇಳಿದಳು.

"ಹೂಂ, ಹೊಟ್ಟೆ ತುಂಬಾ," ಎಂದಳು ಹಿರಿಸೊಸೆ. ಅಪ್ಪಟ ಸುಳ್ಳು. ಬೆಳಗಿನಿಂದ ಅವಳ ಕೂಸಿನ ಬಾಯಿಗೆ ಒಂದು ಹನಿ ಬಿದ್ದಿರಲಿಲ್ಲ. ಇಂದು ಅದರ ತೂಕ ಕಡಿಮೆ ಬರಲೇಬೇಕಿತ್ತು.

ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ವಾರಗಿತ್ತಿಯರಿಬ್ಬರೂ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಒಂದೇ ಮನೆ, ಒಂದೇ ಒಲೆ, ಒಂದೇ ತಿಂಗಳಲ್ಲಿ ಇಬ್ಬರಿಗೂ ಹೆರಿಗೆ. ಆದರೆ ತಕ್ಕಡಿಯ ಮುಳ್ಳು ಕೆಂಪು ಗೆರೆಯ ಕೆಳಗೆ ನಿಂತ ಕೂಸಿಗೆ ಮಾತ್ರ ದೊಡ್ಡಾಸ್ಪತ್ರೆಯ ಮಕ್ಕಳ ಡಾಕ್ಟರು ಪುಕ್ಕಟೆ, ಔಷಧಿ ಪುಕ್ಕಟೆ. ಕಿರಿಯಳದ್ದು ಹುಟ್ಟಿದಾಗಿನಿಂದ ಕಡ್ಡಿ. ಗೆರೆಯ ಕೆಳಗೇ ಇತ್ತು. ಹಿರಿಯಳದ್ದು ಕೂದಲೆಳೆಯಷ್ಟು ಮೇಲೆ. ಅದರ ಎದೆಯೊಳಗೆ ಎರಡು ವಾರದಿಂದ ಗೊರಗೊರ ಸದ್ದು, ಕೇಳುವ ಡಾಕ್ಟರಿಲ್ಲ.

ಎದುರಿನ ಗಾಜಿನ ಆಸ್ಪತ್ರೆಯ ಬಾಗಿಲಲ್ಲಿ ಕಾರಿನಿಂದ ಇಳಿಯುವ ತಾಯಂದಿರನ್ನು ಕಂಡರೆ ಹಿರಿಯಳಿಗೆ ಏನೂ ಅನಿಸುತ್ತಿರಲಿಲ್ಲ. ಅವರ ಲೋಕವೇ ಬೇರೆ. ಹೊಟ್ಟೆ ಉರಿಯುತ್ತಿದ್ದುದು ಪಕ್ಕದಲ್ಲಿ ಕೂತವಳ ಮೇಲೆ. ಡಾಕ್ಟರು ತನ್ನ ಕೂಸಿನ ಬೆನ್ನಿಗೆ ಕೊಳವೆಯಿಟ್ಟು ಎಷ್ಟು ಹೊತ್ತು ಆಲಿಸಿದರೆಂದು ಆಕೆ ಮನೆಯಲ್ಲಿ ಹೇಳಿದ್ದೇ ಹೇಳಿದ್ದು. ಬಡಕಲು ಕೂಸನ್ನು ಕಂಡು ಕರುಬುವ ತಾಯಿ ಲೋಕದಲ್ಲಿ ಉಂಟೇ ಎಂದರೆ, ಉಂಟು. ಈ ಬೆಂಚಿನ ಮೇಲೆಯೇ ಇದ್ದಳು.

ಚೀಟಿ ಮಾಡಿಸಲು ಕರೆದಾಗ ಅವಳು ಕೂಸನ್ನು ಬೆಂಚಿನ ಮೇಲೆ ಮಲಗಿಸಿ ಎದ್ದಳು. "ಸ್ವಲ್ಪ ನೋಡ್ಕೋ."

ಕಿಟಕಿಯ ಮುಂದೆ ನೂಕುನುಗ್ಗಲು. ತಿರುಗಿ ಬಂದಾಗ ಕಿರಿಯಳ ಕೂಸು ಬೆಂಚಿನ ಮೇಲೆ ನಿದ್ದೆ ಮಾಡುತ್ತಿತ್ತು. ಅವಳ ಸೆರಗಿನೊಳಗಿದ್ದುದು ತನ್ನದು.

"ಏನೇ ಮಾಡ್ತಿದ್ದೀಯಾ?"

"ಅತ್ತೂ ಅತ್ತೂ ಗಂಟಲು ಕಟ್ಕೊಂಡಿತ್ತಕ್ಕಾ. ಎರಡೂ ಕಡೆ ಖಾಲಿ ಮಾಡ್ದ, ಹೊಟ್ಟೆಬಾಕ!" ಎಂದು ಕಿರಿಯಳು ನಕ್ಕಳು.

ಹಿರಿಯಳು ಕೂಸನ್ನು ಕಿತ್ತುಕೊಂಡಂತೆ ಎತ್ತಿಕೊಂಡಳು. ಅದರ ಹೊಟ್ಟೆ ಬಿಗಿಯಾಗಿತ್ತು. ತಕ್ಕಡಿಯ ಜೋಲಿಯಲ್ಲಿ ಮಲಗಿಸಿದಾಗ ಮುಳ್ಳು ತೂಗಾಡಿ, ಗೆರೆಯಿಂದ ತುಸುವೇ ಮೇಲೆ ನಿಂತಿತು.

"ಸಿಸ್ಟರ್, ಎದೇಲಿ ಸದ್ದು ಬರ್ತಿದೆ. ಡಾಕ್ಟ್ರಿಗೆ ಬರ್ಕೊಡಿ."

"ಗೆರೆ ಮೇಲಿದೆಯಲ್ಲಮ್ಮಾ, ನಾನೇನ್ ಮಾಡ್ಲಿ? ಚೆನ್ನಾಗಿ ಬೆಳೀತಿದಾನೆ, ಸಂತೋಷ ಪಡು."

ಅವಳಿಗೆ ಕಿರಿಯಳ ಜುಟ್ಟು ಹಿಡಿದು ಎಳೆಯಬೇಕೆನಿಸಿತು. ಡಾಕ್ಟರನ್ನೂ ಇವಳೇ ಉಂಡಳು, ಈಗ ಒಳ್ಳೆಯವಳೆಂಬ ಹೆಸರನ್ನೂ ಇವಳೇ ಉಣ್ಣಬೇಕೇ? ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬೆಂಚಿನ ಮೇಲಿನ ಕೂಸು ಎಚ್ಚರಗೊಂಡಿತು. ಅದರ ಅಳುವಿಗೂ ಶಕ್ತಿ ಸಾಲದು. ಬಾಯಿ ಅಗಲವಾಗಿ ತೆರೆಯುತ್ತಿತ್ತು, ಸದ್ದು ಮಾತ್ರ ಸಣ್ಣದು.

ಕಿರಿಯಳು ಎದೆಗೆ ಹಚ್ಚಿ ನೋಡಿದಳು. ಕೂಸು ಎರಡು ಸಲ ಚೀಪಿ ಮುಖ ತಿರುಗಿಸಿತು. "ನಂದು ಪೂರ್ತಿ ಮುಗ್ದೋಗಿದೆ ಅಕ್ಕಾ..." ಎಂದು ಕಂಗಾಲಾಗಿ ನೋಡಿದಳು.

ಹಿರಿಯಳ ರವಿಕೆ ಒದ್ದೆಯಾಗಿ ಮೈಗಂಟಿತ್ತು. ಬೆಳಗಿನಿಂದ ಕಟ್ಟಿಟ್ಟ ಹಾಲು ತಾನಾಗಿಯೇ ಸೋರುತ್ತಿತ್ತು.

"ಕೊಡಿಲ್ಲಿ," ಎಂದಳು ಒರಟಾಗಿ. ತನ್ನ ಕೂಸನ್ನು ಅವಳ ಮಡಿಲಿಗೆ ಹಾಕಿ, ಅವಳದನ್ನು ಎತ್ತಿಕೊಂಡು ಸೆರಗು ಹೊದಿಸಿದಳು. ಕೈಗೆ ಭಾರವೇ ಹತ್ತಲಿಲ್ಲ. ಸರಿಯಾಗಿ ಹಿಡಿದಿದ್ದೇನೆಯೋ ಇಲ್ಲವೋ ಎಂದು ಸೆರಗು ಸರಿಸಿ ನೋಡಿದಳು. ಕೂಸು ಅಲ್ಲಿಯೇ ಇತ್ತು, ಕಣ್ಣು ಮುಚ್ಚಿ ಗಟಗಟ ನುಂಗುತ್ತಿತ್ತು. ಅವಳು ಇನ್ನೊಂದು ಕೈಯನ್ನೂ ಅದರ ಕೆಳಗೆ ಕೊಟ್ಟಳು.