ನಾಲ್ಕು ನೂರು ಗ್ರಾಂ

ಎ.ಸಿ.ಯ ಗಾಳಿ ನೇರ ನೆತ್ತಿಗೇ ಬಡಿಯುತ್ತಿದೆ, ಮಣಿಪಾಲದ ಈ ಹೊಸ ಕಟ್ಟಡಗಳೆಲ್ಲ ಹೀಗೆಯೇ, ಹೊರಗೆ ಬೆವರು ಒಳಗೆ ನೆಗಡಿ, ಎಂದುಕೊಂಡು ಜಿತೇಂದ್ರ ಕುರ್ಚಿಯನ್ನು ಹಿಂದಕ್ಕೆ ಸರಿಸಿದ, ಸರಿಸಿದ್ದು ಗಾಳಿಗೋ ಎದುರು ಕುಳಿತವಳ ಕಣ್ಣಿಗೋ — ಸ್ಯಾಮ್ಸನ್‌ನ ಮಗಳು ಲೊರ್ನಾ, ಕಾಪುವಿನಿಂದ ಬಂದಿದ್ದಾಳೆ, ಅಪ್ಪನದೇ ಅಗಲ ಹಣೆ, ಅಪ್ಪನದೇ ಹೆಗಲು, ತೊಡೆಯ ಮೇಲೊಂದು ಪ್ಲಾಸ್ಟಿಕ್ ಫೈಲು. ಡೆನ್ವರ್ ಮಾತಾಡುತ್ತಿದ್ದಾನೆ, ಜಿತೇಂದ್ರನ ಹತ್ತಿರ ಬಾಕ್ಸಿಂಗ್ ಕಲಿತವನು, ಈಗ ಸಂಘದ ಕಾರ್ಯದರ್ಶಿ, ಹೊಟ್ಟೆ ಬಂದಿದೆ. ಹೊಸ ಬಾಕ್ಸಿಂಗ್ ಹಾಲಿಗೆ ಯಾರ ಹೆಸರು ಅಂತ ಇವತ್ತು ತೀರ್ಮಾನ ಆಗಬೇಕು ಸರ್, ಮೊದಲ ಹೆವಿವೆಯ್ಟ್ ಚಾಂಪಿಯನ್ ಅಂತ ದಾಖಲೆಯಲ್ಲಿ ಸ್ಯಾಮ್ಸನ್ ಅವರ ಹೆಸರು ಉಂಟು, ಆದರೆ ಮೂರು ವರ್ಷವೂ ವಾಕೋವರ್, ಎದುರಾಳಿಯೇ ಇಲ್ಲ, ಒಂದು ಗುದ್ದು ಹೊಡೆಯದೆ ಚಾಂಪಿಯನ್, ಅದು ಹೇಗೆ ಕೌಂಟ್ ಆಗ್ತದೆ, ಅವರದ್ದು ಆಗದಿದ್ದರೆ ನಿಮ್ಮ ಹೆಸರೇ, ಅದರಲ್ಲಿ ಎರಡು ಮಾತಿಲ್ಲ. ಎರಡು ಮಾತಿಲ್ಲವಂತೆ! ಅರವತ್ತೇಳು ವರ್ಷದ ಮನುಷ್ಯನ ಎದೆ ಚಿಕ್ಕ ಮಕ್ಕಳ ಹಾಗೆ ಉಬ್ಬಿತು, ಉಬ್ಬಿದ್ದು ಗೊತ್ತಾದ ಕೂಡಲೇ ನಾಚಿಕೆಯಾಯಿತು, ಚಹಾದ ಕಪ್ಪಿಗೆ ಕೈಹಾಕಿದ, ಆರಿಹೋಗಿತ್ತು, ಆದರೂ ಕುಡಿದ.

ವಾಕೋವರ್ ಸ್ಯಾಮ್ಸನ್ — ಆ ಅಡ್ಡಹೆಸರು ಇಟ್ಟದ್ದು ಯಾರೆಂದು ಡೆನ್ವರ್‌ಗೆ ಗೊತ್ತಿಲ್ಲ, ಬನ್ನಂಜೆಯ ಹೋಟೆಲಿನಲ್ಲಿ ಗೋಳಿಬಜೆ ಚಟ್ನಿಗೆ ಅದ್ದುತ್ತಾ ಜಿತೇಂದ್ರನೇ ಹೇಳಿದ್ದು, ನಾಲ್ಕು ಜನ ನಕ್ಕರು, ಮರುದಿನ ನಲವತ್ತು ಜನ, ಆಮೇಲೆ ಉಚ್ಚಿಲದ ಮಂಜುಗಡ್ಡೆ ಫ್ಯಾಕ್ಟರಿಯಲ್ಲಿ ಜೊತೆಯವರೂ ಸ್ಯಾಮ್ಸನ್‌ನನ್ನು ಹಾಗೆಯೇ ಕರೆಯತೊಡಗಿದರು, ಹೆಗಲ ಮೇಲೆ ಇಡೀ ಮಂಜುಗಡ್ಡೆ ಹೊತ್ತು ಬರುತ್ತಿದ್ದವನು ಹೂಂ ಎನ್ನುತ್ತಿದ್ದನಂತೆ, ಸಿಟ್ಟಿಲ್ಲ ಗಿಟ್ಟಿಲ್ಲ. ನನಗೆ ಆವತ್ತು ತೂಕದಲ್ಲಿ ನಾಲ್ಕು ನೂರು ಗ್ರಾಂ ಕಡಿಮೆಯಾಯಿತು, ಇಲ್ಲದಿದ್ದರೆ ಅವನನ್ನು ಮಲಗಿಸುತ್ತಿದ್ದೆ — ಇದನ್ನು ಎಷ್ಟು ಬ್ಯಾಚಿನ ಹುಡುಗರಿಗೆ ಹೇಳಿಲ್ಲ ಜಿತೇಂದ್ರ, ಹೇಳಿ ಹೇಳಿ ಕೊನೆಗೆ ತನಗೇ ನಿಜವೆನಿಸುವಷ್ಟು, ಮೀಸೆ ತಿರುವಿಕೊಂಡು ಬೇರೆ, ಥೂ. ಆ ಹುಡುಗರಿಗೆ ಕಲಿಸಿದ್ದಾದರೂ ಏನನ್ನು? ಹಿಂದೆ ಸರಿಯುತ್ತಾ ಹೊಡೆಯುವುದನ್ನು, ಎದುರಾಳಿ ಹೆದರಿದನೆಂದು ನುಗ್ಗಿ ಬಂದಾಗ ಎಡಗೈ ಪಕ್ಕೆಲುಬಿನ ಕೆಳಗೆ ಕೊಡುವುದನ್ನು, ಡೆನ್ವರ್ ಅದರಿಂದಲೇ ಪದಕ ತಂದ, ಪೇಪರಿನಲ್ಲಿ ಬಂತು, ಜಿತೇಂದ್ರ ಸರ್ ಶೈಲಿ ಎಂದು, ಸರ್ ಆ ಕತ್ತರಿಸಿದ ತುಂಡನ್ನು ಫ್ರೇಮು ಹಾಕಿಸಿದರು. ಅದು ಸ್ಯಾಮ್ಸನ್‌ನ ಶೈಲಿ. ಆ ಕಾಲದಲ್ಲಿ ದಪ್ಪ ಆಳು ಅಂದರೆ ಗೂಳಿಯ ಹಾಗೆ ಮುನ್ನುಗ್ಗಬೇಕು, ಜನ ಶಿಳ್ಳೆ ಹೊಡೆಯಬೇಕು, ಸ್ಯಾಮ್ಸನ್ ಅಭ್ಯಾಸದಲ್ಲಿ ಹಿಂದೆ ಹಿಂದೆ ಹೋಗುತ್ತಿದ್ದ, ನೋಡಿದವರಿಗೆ ಪುಕ್ಕಲ ಅನಿಸುತ್ತಿತ್ತು. ಅವನ ಕೈ ಎಂಥದೆಂದು ತಿಳಿದದ್ದು ಅದರ ಪೆಟ್ಟು ತಿಂದವನಿಗೆ ಮಾತ್ರ. ಕಾಪುವಿನ ಕಡಲತೀರ, ಎಂಬತ್ತೊಂದನೆಯ ಇಸವಿ, ಪಂದ್ಯಕ್ಕೆ ಹನ್ನೊಂದು ದಿನ ಇದೆ, ಮರಳಲ್ಲಿ ಅಭ್ಯಾಸ, ನುಗ್ಗಿದ ಜಿತೇಂದ್ರನ ಪಕ್ಕೆಗೆ ಒಂದೇ ಒಂದು, ಹಗುರವಾಗಿ, ಮುಟ್ಟಿದ ಹಾಗೆ, ನೋವಾಯಿತಾ ಮಾರಾಯ ಎಂದು ಸ್ಯಾಮ್ಸನ್ ಬಗ್ಗಿ ಕೇಳುತ್ತಾನೆ, ಇಲ್ಲ ಇಲ್ಲ ಎಂದು ಇವನು ನಗುತ್ತಾನೆ, ನಕ್ಕವನಿಗೆ ಐದು ದಿನ ಆ ಮಗ್ಗುಲಿಗೆ ಮಲಗಲು ಆಗಲಿಲ್ಲ. ಹಗುರ ಹೊಡೆದರೆ ಹೀಗೆ, ನಿಜವಾಗಿ ಹೊಡೆದರೆ?

ಆ ಪ್ರಶ್ನೆಯಿಂದಲೇ ಶುರುವಾದದ್ದು ಎಲ್ಲ. ಹೆವಿವೆಯ್ಟ್‌ಗೆ ಎಂಬತ್ತೊಂದು ಕಿಲೋ ದಾಟಬೇಕು, ಜಿತೇಂದ್ರ ಎಂಬತ್ತನಾಲ್ಕು ಇದ್ದ, ಲೋಕದ ಬಾಕ್ಸರುಗಳೆಲ್ಲ ತೂಕಕ್ಕೆಂದು ಉಪವಾಸ ಬೀಳುವುದು ಆಡುವುದಕ್ಕಾಗಿ, ಇವನೊಬ್ಬ ಆಡದಿರುವುದಕ್ಕಾಗಿ ಬಿದ್ದ — ಬರೀ ಗಂಜಿತಿಳಿ, ಬಿಸಿಲಲ್ಲಿ ರೇನ್‌ಕೋಟು ತೊಟ್ಟು ಓಟ, ಮಗ ಎಷ್ಟು ಕಷ್ಟಪಡುತ್ತಾನೆ ನೋಡಿ ಎಂದು ಅಮ್ಮ ನೆರೆಮನೆಯವರಲ್ಲಿ ಹೇಳಿಕೊಂಡಳು, ಪಾಪ. ಹೆದರಿಕೆ ಎಂದು ಒಪ್ಪಿಕೊಂಡು ಹೆಸರು ವಾಪಸು ತೆಗೆದಿದ್ದರೆ ಒಂದು ದಿನದ ಅವಮಾನ, ಮುಗಿಯುತ್ತಿತ್ತು, ಇವನಿಗೆ ಮಾನವೂ ಬೇಕಿತ್ತು. ಕಾರ್ಕಳದಲ್ಲಿ ಪಂದ್ಯ, ಶಾಲೆಯ ತಕ್ಕಡಿ ಕೆಟ್ಟು ಎಲ್ಲರನ್ನೂ ಅಕ್ಕಿಮಿಲ್ಲಿಗೆ ಕರೆದುಕೊಂಡು ಹೋದರು, ಮೂಟೆ ತೂಗುವ ಕಬ್ಬಿಣದ ಹಲಗೆ, ಅದರ ಮೇಲೆ ಚಡ್ಡಿಯಲ್ಲಿ ನಿಂತ ಆಳುಗಳು, ಸುತ್ತಲೂ ಕುಚ್ಚಲಕ್ಕಿ ಬೇಯುವ ವಾಸನೆ — ಎಂಬತ್ತು ಕಿಲೋ ಆರು ನೂರು. ಅಯ್ಯೋ ನಾಲ್ಕು ನೂರು ಗ್ರಾಂ ಕಡಿಮೆ ಆಯಿತಲ್ಲ ಎಂದು ತೂಕದವರು ಮರುಗಿದರು, ಇನ್ನೊಂದು ಗಂಟೆ ಸಮಯ ಉಂಟು, ಏನಾದರೂ ತಿಂದುಕೊಂಡು ಬನ್ನಿ. ಇವನು ಮುಖ ಬಾಡಿಸಿದ, ಒಳಗೊಳಗೇ ಕುಣಿದ.

ಸರ್, ಡೆನ್ವರ್ ಕರೆಯುತ್ತಿದ್ದಾನೆ, ಸರ್ ಎಂತ ಹೇಳ್ತೀರಿ, ಅವರೊಟ್ಟಿಗೆ ಅಭ್ಯಾಸ ಮಾಡಿದವರು ಅಂತ ಈಗ ಇರುವುದು ನೀವೊಬ್ಬರೇ. ಒಳ್ಳೆಯ ಬಾಕ್ಸರ್ ಎಂದ ಜಿತೇಂದ್ರ, ಬಹಳ ಒಳ್ಳೆಯ ಬಾಕ್ಸರ್. ಅದನ್ನು ಎಲ್ಲರ ಬಗ್ಗೆಯೂ ಹೇಳ್ತೇವಲ್ಲ ಸರ್, ಆಡದವರನ್ನು ಅಳೆಯುವುದು ಹೇಗೆ, ಯಾರಾದರೂ ಅವರಿಗೆ ಹೆದರಿದ್ದರು ಅಂತ ಆದರೂ ಉಂಟಾ? ಸುಮ್ಮನೆ ಕೇಳಿದ್ದು ಅವನು, ಪೆನ್ನು ತಿರುಗಿಸುತ್ತಾ, ಆದರೆ ಸರಿಯಾದ ಜಾಗಕ್ಕೇ ಬಿತ್ತು, ಪಕ್ಕೆಲುಬಿನ ಕೆಳಗೆ. ಸ್ಯಾಮ್ಸನ್ ಎಂಥವನೆಂಬುದಕ್ಕೆ ಪದಕವಿಲ್ಲ, ವರದಿಯಿಲ್ಲ, ಬಿದ್ದ ಎದುರಾಳಿಯಿಲ್ಲ, ಇರುವ ಸಾಕ್ಷಿ ಒಂದೇ, ತನ್ನ ಹೆದರಿಕೆ, ಅದನ್ನು ಈ ಮೇಜಿನ ಮೇಲೆ ಇಟ್ಟರೆ ಹಾಲ್‌ಗೆ ಹೆಸರು ಅವನದು, ಇಡದಿದ್ದರೆ ತನ್ನದು. ಲೊರ್ನಾ ಫೈಲು ಬದಿಗಿಟ್ಟಳು, ಬಿಡಿ ಅಂಕಲ್, ನಿಮ್ಮನ್ನು ಒತ್ತಾಯ ಮಾಡಬಾರದು ಅಂತ ಅಪ್ಪ ಹೇಳಿಯೇ ಕಳುಹಿಸಿದ್ದಾರೆ, ಅಪ್ಪ ಕೆಳಗೆ ಕಾರಿನಲ್ಲಿ ಇದ್ದಾರೆ, ಮೊಣಕಾಲು, ಮೆಟ್ಟಿಲು ಆಗುವುದಿಲ್ಲ, ವಾಕೋವರ್ ವಿಷಯ ಜಿತೇಂದ್ರನ ಮುಂದೆ ಎತ್ತಬೇಡ ಅಂದರು, ಅವನಿಗೆ ಆವತ್ತು ಜ್ವರ ಇತ್ತು, ವಾಂತಿ ಮಾಡಿಕೊಂಡಿದ್ದ, ನಾನೇ ಕಣ್ಣಾರೆ ನೋಡಿದ್ದು, ಪಾಪ ಅವನಿಗೆ ಈಗಲೂ ಬೇಸರ ಉಂಟು ಅಂತ ಹೇಳಿದರು, ಅಲ್ವಾ ಅಂಕಲ್?

ಜ್ವರವಂತೆ, ನಲವತ್ತು ಚಿಲ್ಲರೆ ವರ್ಷ ಸ್ಯಾಮ್ಸನ್ ಹೋದಲ್ಲೆಲ್ಲ ಜ್ವರ ಎಂದು ಹೇಳಿಕೊಂಡು ಬಂದಿದ್ದಾನೆ, ಇವನು ಹೋಟೆಲಿನಲ್ಲಿ ಕುಳಿತು ನಗಿಸುತ್ತಿದ್ದಾಗ. ನೋಡಿದ್ದಾನೆ ಹಾಗಾದರೆ, ಮಿಲ್ಲಿನ ಹಿಂದೆ, ಉಮಿಯ ರಾಶಿಯ ಮರೆಯಲ್ಲಿ, ತಾನು ಬಾಯಿಗೆ ಬೆರಳು ಹಾಕಿದ್ದನ್ನು ಕಾಣದೆ ವಾಂತಿಯನ್ನಷ್ಟೇ ಕಂಡಿದ್ದಾನೆ, ಅಥವಾ ಎರಡನ್ನೂ ಕಂಡು — ಇಲ್ಲ, ಅದು ಬೇಡ. ಆ ಒಂದು ಗಂಟೆಯಲ್ಲಿ ಕಾರ್ಕಳದ ಪೇಟೆಗೆ ಓಡಿದ್ದು ಇವನಲ್ಲ, ಸ್ಯಾಮ್ಸನ್, ತಾನೇ ಆಡಬೇಕಾದ ಎದುರಾಳಿಯ ತೂಕ ತುಂಬಿಸಲಿಕ್ಕೆ, ಬರಿಗಾಲಲ್ಲಿ ಓಡಿ, ಏದುಸಿರು ಬಿಡುತ್ತಾ ಬಂದ, ಹೆಗಲ ಮೇಲೆ ಬಾಳೆಹಣ್ಣಿನ ಚಿಪ್ಪು, ಒಂದನ್ನು ಸುಲಿದು ಹಿಡಿದ, ತಿನ್ನು ಮಾರಾಯ, ಬೇಗ ತಿನ್ನು, ನಾವು ಆಡುವ, ನನ್ನೊಟ್ಟಿಗೆ ಆಡಲಿಕ್ಕೆ ಯಾರೂ ಇಲ್ಲ ಎಂದ, ನಗುತ್ತಿದ್ದ, ಇವನು ಅವನ ಕೈಯಿಂದಲೇ ತಿಂದ, ಎರಡು, ಮೂರು, ತಿಂದು ಉಮಿಯ ರಾಶಿಯ ಹಿಂದಕ್ಕೆ ಹೋದ. ಅಂಕಲ್, ನೀರು ಬೇಕಾ? ಜ್ವರ ಇರಲಿಲ್ಲ, ಎಂದ ಜಿತೇಂದ್ರ, ದನಿ ತನ್ನದೆನಿಸಲಿಲ್ಲ, ಜ್ವರ ಇರಲಿಲ್ಲ ಲೊರ್ನಾ, ಡೆನ್ವರ್‌ನ ಪೆನ್ನು ನಿಂತಿತು, ಮುಂದಿನ ಮಾತು ಇನ್ನೇನು ಬರಬೇಕು, ಹೆದರಿದ್ದೆ ಎಂಬ ಒಂದೇ ಮಾತು, ನಾಲಿಗೆಯ ತುದಿಗೆ ಬಂದಿದೆ, ಬಾಯಿ ತೆರೆದರೆ ಮಾತಿಗೆ ಅಡ್ಡವಾಗಿ ಸ್ಯಾಮ್ಸನ್‌ನ ಕೈ, ಸುಲಿದ ಹಣ್ಣು ಹಿಡಿದ ಕೈ, ಮಿಲ್ಲಿನ ಸುಣ್ಣ ಬಳಿದ ಗೋಡೆಯ ಮುಂದೆ, ಚಾಚಿಕೊಂಡೇ ಇರುವ ಆ ಕೈ, ತಿನ್ನು ಮಾರಾಯ, ಆ ಕೈ —